ಕಾಮಿಕ್ಸ್ ಕಲಾವಿದರಿಂದ ಚಿತ್ರ ಬರೆಸುವುದು ಹೇಗೆ: ದುಡ್ಡು ಕಳಿಸುವುದು ಐದನೇ ಹೆಜ್ಜೆ

ಅಮೆರಿಕದ ಕಾಮಿಕ್ಸ್ ಕಲಾವಿದರಿಗೆ ದುಡ್ಡು ಕೊಟ್ಟು, ನಮ್ಮ ಇಷ್ಟದ ಪಾತ್ರವನ್ನು ನಮಗಾಗಿಯೇ ಕಾಗದದ ಮೇಲೆ ಬರೆಸಿಕೊಳ್ಳುವುದಕ್ಕೆ ಅಲ್ಲಿ ‘ಕಮಿಷನ್’ ಎನ್ನುತ್ತಾರೆ. ನಮ್ಮ ಕಡೆ ಆ ಪದ ಕೇಳಿದರೆ ಸೈಟು ತೋರಿಸುವ ದಲ್ಲಾಳಿ ನೆನಪಾಗುತ್ತಾನೆ. ಹಾಗಾಗಿ ಇಲ್ಲಿ ‘ಹೇಳಿ ಬರೆಸಿದ ಚಿತ್ರ’ ಅಂತಲೇ ಕರೆಯುತ್ತೇನೆ.

ಈ ವಿಷಯಕ್ಕೆ ನನ್ನನ್ನು ಕೇಳಿಕೊಂಡು ಬರುವವರು ಹೆಚ್ಚುಕಡಿಮೆ ಒಂದೇ ಕಥೆ ಹೇಳುತ್ತಾರೆ. ಇಷ್ಟದ ಕಲಾವಿದರು ‘ಲಿಸ್ಟ್ ಓಪನ್’, ಅಂದರೆ ಹೊಸ ಕೋರಿಕೆ ತಗೊಳ್ಳುತ್ತಿದ್ದೇನೆ, ಅಂತ ಹಾಕಿದ್ದು ಕಂಡಿತು. ತಡ ಮಾಡಿದರೆ ಕೈತಪ್ಪುತ್ತೆ ಅಂತ ರಾತ್ರಿ ಹನ್ನೆರಡಕ್ಕೆ ಪೂರ್ತಿ ದುಡ್ಡು ಕಳಿಸಿದರು. ಆಮೇಲೆ ಆಗುವುದು ಮೂರು ಥರ. ಚಿತ್ರ ಬರಲೇ ಇಲ್ಲ. ಅಥವಾ ಬಂತು, ಕೇಳಿದ್ದೇ ಬೇರೆ ಬಂದದ್ದೇ ಬೇರೆ. ಅಥವಾ ಕೇಳಿದ್ದೇ ಬಂತು, ಆದರೆ ನಡುವೆ ಮಡಚಿ ಬಂತು. ಮೂರಕ್ಕೂ ಬೇರು ಒಂದೇ. ಮಾತಾಡಿ ಮುಗಿಸುವ ಮುಂಚೆ ದುಡ್ಡು ಹೋಗಿರುತ್ತದೆ. ಕೆಳಗಿನ ಕ್ರಮದಲ್ಲಿ ದುಡ್ಡು ಐದನೆಯದು. ಅದನ್ನು ಮೇಲಕ್ಕೆ ಎಳೆಯಬೇಡಿ.

## ಶುರುಮಾಡುವ ಮುಂಚೆ ಕೈಯಲ್ಲಿ ಇರಬೇಕಾದ್ದು

ಒಂದು ಟೇಪು ಅಥವಾ ಉದ್ದದ ಸ್ಕೇಲು, ಇಂಚು ಇರುವಂಥದ್ದು. ಹೊರದೇಶದ ವ್ಯವಹಾರ ಆನ್ ಮಾಡಿದ ಕಾರ್ಡು. ಇಂಟರ್‌ನೆಟ್ಟಿನಲ್ಲಿ ದುಡ್ಡು ಕಳಿಸುವ ಪೇಪಾಲ್ ಸೇವೆಯ ಖಾತೆ. ಭಾರತದ ಒಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್‌ನಲ್ಲೇ ನಿಲ್ಲಿಸಿತು. ಹೊರದೇಶಕ್ಕೆ ಕಳಿಸಲು ಈಗಲೂ ಆಗುತ್ತದೆ.

ಇನ್ನೊಂದು, ಚಿತ್ರ ಬಂದ ದಿನ ಅದನ್ನು ಇಡಲು ಒಂದು ಫೋಲ್ಡರ್. ಇದನ್ನು ಯಾಕೆ ಮೊದಲೇ ತಗೋಬೇಕು ಅಂದರೆ, ಬಂದ ಚಿತ್ರವನ್ನು ‘ಸದ್ಯಕ್ಕೆ ಇಲ್ಲಿರಲಿ’ ಅಂತ ಹಾಸಿಗೆ ಕೆಳಗೆ ತಳ್ಳಿದವರು ಎಷ್ಟೋ ಜನ. ಆ ‘ಸದ್ಯ’ ಮೂರು ಮಳೆಗಾಲ ದಾಟಿರುತ್ತದೆ.

## ಹೆಜ್ಜೆ 1: ಏನು ಬೇಕು ಅಂತ ಒಂದೇ ಸಾಲಿನಲ್ಲಿ ಬರೆಯಿರಿ

ಒಂದು ಸಾಲಿನಲ್ಲಿ ಬರೆಯಲು ಆಗದಿದ್ದರೆ ನಿಮಗೇ ಇನ್ನೂ ಗೊತ್ತಾಗಿಲ್ಲ ಅಂತ ಅರ್ಥ. ಆ ಸಾಲಿನಲ್ಲಿ ನಾಲ್ಕು ಸಂಗತಿ ಇರಬೇಕು: ಎಷ್ಟು ಪಾತ್ರ, ದೇಹದ ಎಷ್ಟು ಭಾಗ, ಯಾವ ಸಾಮಗ್ರಿ, ಎಷ್ಟು ಅಳತೆ. ಬೆಲೆ ಇವುಗಳ ಮೇಲೆಯೇ ನಿಂತಿರುತ್ತದೆ.

ದೇಹದ ಭಾಗಕ್ಕೆ ಅವರದೇ ಮೆಟ್ಟಿಲುಗಳಿವೆ. ಬರೀ ಮುಖ, ಎದೆಯವರೆಗೆ, ಸೊಂಟದವರೆಗೆ, ಪೂರ್ತಿ ಆಳು. ಹಿನ್ನೆಲೆ ಬೇಕಾದರೆ ಅದರ ರೇಟು ಬೇರೆ. ಎರಡನೇ ಪಾತ್ರ ಸೇರಿಸಿದರೆ ಬಹಳ ಜನ ಇನ್ನೊಂದು ಪಾತ್ರದಷ್ಟೇ ದುಡ್ಡು ಕೇಳುತ್ತಾರೆ. ಅದು ನ್ಯಾಯವೇ, ಕೆಲಸವೂ ಅಷ್ಟೇ ಜಾಸ್ತಿ ಅಲ್ವಾ?

ಸಾಮಗ್ರಿ ಅಂದರೆ ಪೆನ್ಸಿಲ್, ಇಂಕ್, ಇಂಕಿಗೆ ನೀರು ಬೆರೆಸಿ ನೆರಳು ಕೊಡುವ ವಾಶ್, ಮಾರ್ಕರ್ ಬಣ್ಣ, ಜಲವರ್ಣ. ಇಲ್ಲಿ ಒಂದು ವಿಷಯ ತಿಳಿದಿರಲಿ. ಕಪ್ಪು ಇಂಡಿಯಾ ಇಂಕು ಇಂಗಾಲದ ಕಣಗಳಿಂದ ಆದದ್ದು, ಬೆಳಕಿಗೆ ಮಾಸುವುದಿಲ್ಲ. ಕೋಪಿಕ್‌ನಂಥ ಆಲ್ಕೋಹಾಲ್ ಮಾರ್ಕರಿನಲ್ಲಿ ಇರುವುದು ಡೈ. ನೋಡಲು ಚೆಂದ, ಆದರೆ ಬಿಸಿಲು ಬೀಳುವ ಗೋಡೆಗೆ ಹಾಕಿದರೆ ಬಣ್ಣ ಹೋಗುತ್ತದೆ. ಗೋಡೆಗೆ ಹಾಕುವ ಆಸೆಯಿದ್ದವರು ಕಪ್ಪು ಇಂಕನ್ನೇ ಕೇಳಿ.

ಅಳತೆಯ ವಿಷಯದಲ್ಲಿ ಭಾರತದಲ್ಲಿ ಇರುವವರೆಲ್ಲ ಒಂದೇ ಗುಂಡಿಗೆ ಬೀಳುತ್ತೇವೆ. ಅಮೆರಿಕದ ಕಾಮಿಕ್ಸ್ ಪುಟ ಬರೆಯುವ ಬ್ರಿಸ್ಟಲ್ ಬೋರ್ಡು ಎಂಬ ದಪ್ಪ ಕಾಗದ 11 ಇಂಚು ಅಗಲ, 17 ಇಂಚು ಉದ್ದ. ಸೆಂಟಿಮೀಟರ್‌ನಲ್ಲಿ ಸುಮಾರು 27.9 x 43.2. ನಮ್ಮ ಸ್ಟೇಷನರಿ ಅಂಗಡಿಯ ಎ3 ಫೋಲ್ಡರ್ 29.7 x 42ರ ಹಾಳೆಗೆ ಮಾಡಿದ್ದು. ಅಂದರೆ ಅಗಲ ಸಾಕು, ಉದ್ದ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಸಾಲದು. ಅಷ್ಟೇ ತಾನೆ ಅಂತ ಒತ್ತಿದರೆ ಮೂಲೆ ಮುರಿಯುತ್ತದೆ. ಎ3 ಫ್ರೇಮೂ ಹಾಗೆಯೇ. ಒಂದೋ 11 x 17 ಅಂತಲೇ ಮಾರುವ ಫೋಲ್ಡರ್ ತರಿಸಿ, ಇಲ್ಲವೇ 9 x 12 ಇಂಚಿನ ಚಿತ್ರ ಬರೆಸಿ. ಆ ಅಳತೆ ಎ3 ಫೋಲ್ಡರಿನಲ್ಲಿ ಆರಾಮಾಗಿ ಕೂರುತ್ತದೆ.

ಸಾಮಾನ್ಯ ತಪ್ಪು: ಒಂದೇ ಚಿತ್ರದಲ್ಲಿ ಇಡೀ ಸಿನಿಮಾ ಕೇಳುವುದು. ‘ಹಂಪಿಯ ಕಲ್ಲಿನ ರಥದ ಮೇಲೆ ಬ್ಯಾಟ್‌ಮ್ಯಾನ್, ಕೆಳಗೆ ಜೋಕರ್, ಹಿಂದೆ ಮಳೆ, ಪಕ್ಕದಲ್ಲಿ ಕೊಡೆ ಹಿಡಿದ ನನ್ನ ಮಗಳು’ ಎಂಬ ಕೋರಿಕೆಯನ್ನು ನಾನು ಕಣ್ಣಾರೆ ಓದಿದ್ದೇನೆ. ಇದರಲ್ಲಿ ನಾಲ್ಕು ಚಿತ್ರ ಇವೆ. ರಥದ ಚಕ್ರಕ್ಕೆ ಒರಗಿ ಕೂತ ಬ್ಯಾಟ್‌ಮ್ಯಾನ್ ಸಾಕು, ಅದೇ ಒಂದು ಒಳ್ಳೆಯ ಚಿತ್ರ.

ಮೊದಲ ಸಲ ಬರೆಸುವವರಿಗೆ ನನ್ನ ಮಾತು: ಒಂದು ಪಾತ್ರ, ಪೂರ್ತಿ ಆಳು, ಕಪ್ಪು ಬಿಳುಪು ಇಂಕು, ಹಿನ್ನೆಲೆ ಬೇಡ. ತಪ್ಪು ತಿಳಿಯಲು ಜಾಗವೇ ಇರುವುದಿಲ್ಲ.

## ಹೆಜ್ಜೆ 2: ಕಲಾವಿದರನ್ನು ಆರಿಸುವುದು

ಮೊದಲ ಪ್ರಶ್ನೆ ಕೇಳಲು ಮುಜುಗರವಾದರೂ ಕೇಳಲೇಬೇಕು. ಅವರು ಕಾಗದದ ಮೇಲೆ ಬರೆಯುತ್ತಾರೋ ಇಲ್ಲವೋ? ಈಗ ತುಂಬಾ ಜನ ಪುಸ್ತಕದ ಕೆಲಸವನ್ನು ಟ್ಯಾಬ್ಲೆಟ್ ಮೇಲೆಯೇ ಮಾಡುತ್ತಾರೆ. ಅದಕ್ಕೆ ಮೂಲ ಪುಟ ಅಂತ ಒಂದು ಇರುವುದೇ ಇಲ್ಲ. ಅಂಥವರು ಹೇಳಿ ಬರೆಸುವವರಿಗೆ ಮಾತ್ರ ಕಾಗದ ಹಿಡಿಯಬಹುದು, ಅಥವಾ ಡಿಜಿಟಲ್ ಚಿತ್ರದ ಪ್ರಿಂಟಿಗೆ ಸಹಿ ಹಾಕಿ ಕಳಿಸಬಹುದು. ಎರಡನೆಯದು ಪ್ರಿಂಟು, ಮೂಲ ಚಿತ್ರ ಅಲ್ಲ.

ಎರಡನೆಯದು, ನಿಮಗೆ ಇಷ್ಟವಾದದ್ದು ಯಾರ ಕೈ? ಅಮೆರಿಕದ ಕಾಮಿಕ್ಸ್‌ನಲ್ಲಿ ಪೆನ್ಸಿಲ್ ಒಬ್ಬರದು, ಅದರ ಮೇಲೆ ಇಂಕು ಇನ್ನೊಬ್ಬರದು ಆಗಿರುವುದು ಮಾಮೂಲಿ. ಹೆಸರಾಂತ ಪೆನ್ಸಿಲ್ ಕಲಾವಿದ ಜ್ಯಾಕ್ ಕರ್ಬಿ ‘ಫೆಂಟಾಸ್ಟಿಕ್ ಫೋರ್’ ಕಾಮಿಕ್ಸಿಗೂ ಬರೆದರು, ‘ಥಾರ್’ಗೂ ಬರೆದರು. ಮೊದಲನೆಯದಕ್ಕೆ ಬಹುಕಾಲ ಇಂಕು ಹಾಕಿದವರು ಜೋ ಸಿನ್ನಟ್, ಎರಡನೆಯದಕ್ಕೆ ವಿನ್ಸ್ ಕೊಲೆಟ್ಟಾ. ಒಂದರಲ್ಲಿ ಗೆರೆ ಉಕ್ಕಿನ ಹಾಗೆ ನುಣುಪು, ಇನ್ನೊಂದರಲ್ಲಿ ಹುಲ್ಲಿನ ಗರಿಯ ಹಾಗೆ ಸಣ್ಣ. ಪೆನ್ಸಿಲ್ ಹಿಡಿದ ಕೈ ಎರಡರಲ್ಲೂ ಒಂದೇ. ಹಾಗಾಗಿ ಪುಸ್ತಕದಲ್ಲಿ ಮೆಚ್ಚಿದ ಗೆರೆ ಪೆನ್ಸಿಲ್ ಕಲಾವಿದರಿಂದ ಬರದೇ ಹೋಗಬಹುದು. ಪುಸ್ತಕದ ಮೊದಲ ಪುಟದಲ್ಲಿ ಹೆಸರುಗಳಿರುತ್ತವೆ, ಓದಿ ನೋಡಿ. ಕೆಲವರು ಪೆನ್ಸಿಲ್ ಚಿತ್ರದ ಸ್ಕ್ಯಾನನ್ನು ತಿಳಿ ನೀಲಿಯಲ್ಲಿ ಬೇರೆ ಬೋರ್ಡಿಗೆ ಪ್ರಿಂಟ್ ಮಾಡಿಸಿ, ಅದರ ಮೇಲೆ ಇಂಕು ಹಾಕಿಸುತ್ತಾರೆ. ಇದಕ್ಕೆ ಬ್ಲೂಲೈನ್ ಎನ್ನುತ್ತಾರೆ. ಆಗ ಪೆನ್ಸಿಲ್ ಒಂದು ಬೋರ್ಡು, ಇಂಕು ಇನ್ನೊಂದು. ‘ಇಂಕು ಇದೆ’ ಅಂದರೆ ಪೆನ್ಸಿಲ್ ಮೇಲೆಯೇ ಇದೆಯೋ ಬ್ಲೂಲೈನ್ ಮೇಲೋ ಅಂತ ಕೇಳಿ.

ಮೂರನೆಯದು, ಅವರ ಮುಖಪುಟ ನೋಡಿ ದುಡ್ಡು ಕೊಡಬೇಡಿ. ಬೇರೆಯವರಿಗಾಗಿ ಬರೆದುಕೊಟ್ಟ ಚಿತ್ರಗಳನ್ನು ನೋಡಿ. ಮುಖಪುಟಕ್ಕೆ ದಿನಗಟ್ಟಲೆ ಕೂತಿರುತ್ತಾರೆ, ಸಮ್ಮೇಳನದಲ್ಲಿ ಮೇಜಿನ ಮುಂದೆ ನಿಂತವರಿಗೆ ಬರೆಯುವ ಮುಖದ ಚಿತ್ರಕ್ಕೆ ಅಷ್ಟು ಹೊತ್ತು ಸಿಗುವುದಿಲ್ಲ. ಕಾಮಿಕ್ ಆರ್ಟ್ ಫ್ಯಾನ್ಸ್ ಎಂಬ ತಾಣದಲ್ಲಿ ಸಂಗ್ರಹಕಾರರು ತಾವು ಬರೆಸಿದ್ದನ್ನೆಲ್ಲ ಹಾಕಿರುತ್ತಾರೆ. ಕಲಾವಿದರ ಹೆಸರು ಹಾಕಿ ಹುಡುಕಿ, ನಿಮ್ಮ ಬಜೆಟ್ಟಿನ ದರ್ಜೆಯ ಹತ್ತು ಚಿತ್ರ ನೋಡಿ. ಹತ್ತರಲ್ಲಿ ಏಳು ಇಷ್ಟವಾದರೆ ಮುಂದುವರಿಯಿರಿ. ಅಲ್ಲಿನ ಒಬ್ಬಿಬ್ಬರಿಗೆ ‘ಎಷ್ಟು ದಿನಕ್ಕೆ ಬಂತು?’ ಅಂತ ಕೇಳಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಈ ಲೋಕದಲ್ಲಿ ಆ ಒಂದು ಪ್ರಶ್ನೆಗಿಂತ ಬೆಲೆಬಾಳುವುದು ಇನ್ನೊಂದಿಲ್ಲ.

ಎಚ್ಚರಿಕೆಯ ಗುರುತುಗಳು:

- ನಿಮಗೆ ತಾವಾಗಿಯೇ ಮೆಸೇಜ್ ಮಾಡಿ ‘ಲಿಸ್ಟಿನಲ್ಲಿ ಒಂದು ಜಾಗ ಇದೆ’ ಎನ್ನುವ ಖಾತೆ. ಹೆಸರಿನಲ್ಲಿ ಒಂದು ಅಕ್ಷರವೋ ಚುಕ್ಕೆಯೋ ಹೆಚ್ಚಾಗಿರುತ್ತದೆ. ಕಲಾವಿದರ ಸ್ವಂತ ತಾಣದಲ್ಲಿರುವ ವಿಳಾಸಕ್ಕೇ ಬರೆಯಿರಿ.
- ‘ಇವತ್ತೇ ಕಳಿಸಿದರೆ ಅರ್ಧ ರೇಟು.’
- ಅವರ ಪ್ರತಿ ಪೋಸ್ಟಿನ ಕೆಳಗೂ ‘ನನ್ನ ಚಿತ್ರ ಏನಾಯಿತು?’ ಅಂತ ಹಳೆ ಗಿರಾಕಿಗಳು ಬರೆದಿರುವುದು. ಹೊಸಬರ ದುಡ್ಡಿನಲ್ಲಿ ಹಳೆ ಸಾಲ ತೀರಿಸುತ್ತಿರಬಹುದು.
- ಮೇಜು, ಪೆನ್ನು, ಕಾಗದದ ಅಂಚು ಯಾವುದೂ ಕಾಣದ ಚಿತ್ರಗಳು ಮಾತ್ರ ಇರುವುದು. ಎಐ ಯಂತ್ರದಿಂದ ತೆಗೆದ ಚಿತ್ರಗಳು ಹರಿದಾಡುವ ಈ ಕಾಲದಲ್ಲಿ, ಅರ್ಧ ಬರೆದ ಕಾಗದದ ಫೋಟೋ ಒಂದನ್ನಾದರೂ ನೋಡದೆ ಒಪ್ಪಬೇಡಿ.

## ಹೆಜ್ಜೆ 3: ಸಮ್ಮೇಳನದಲ್ಲೋ, ಅವರ ಮನೆಯಿಂದಲೋ

ಕಾಮಿಕ್ಸ್ ಸಮ್ಮೇಳನದಲ್ಲಿ ಕಲಾವಿದರು ಸಾಲಾಗಿ ಮೇಜು ಹಾಕಿ ಕೂರುವ ಜಾಗಕ್ಕೆ ‘ಆರ್ಟಿಸ್ಟ್ ಆ್ಯಲಿ’ ಎಂದು ಹೆಸರು. ನ್ಯೂಯಾರ್ಕ್, ಸ್ಯಾನ್ ಡಿಯಾಗೋ ದೊಡ್ಡವು. ಆದರೆ ಚಿತ್ರ ಬರೆಸುವುದೇ ಉದ್ದೇಶವಾದರೆ ಶಾರ್ಲಟ್‌ನ ಹೀರೋಸ್‌ಕಾನ್ ಮತ್ತು ಬಾಲ್ಟಿಮೋರ್ ಕಾಮಿಕ್ ಕಾನ್ ವಾಸಿ. ಅಲ್ಲಿ ಸಿನಿಮಾ ನಟರಿಗಿಂತ ಕಲಾವಿದರಿಗೆ ಜಾಗ ಜಾಸ್ತಿ. ಕರೋಲಿನಾ, ಮೇರಿಲ್ಯಾಂಡ್, ನ್ಯೂಜೆರ್ಸಿ ಕಡೆ ಇರುವ ಕನ್ನಡದವರು ಕಾರಿನಲ್ಲೇ ಹೋಗಿ ಬರಬಹುದು. ಬೆಂಗಳೂರಿನಲ್ಲೂ 2012ರಿಂದ ಕಾಮಿಕ್ ಕಾನ್ ನಡೆಯುತ್ತಿದೆ. ಇಲ್ಲಿನ ಕಲಾವಿದರ ಹತ್ತಿರ ಬರೆಸಿದರೆ ಡಾಲರ್, ಕಸ್ಟಮ್ಸ್ ಎರಡರ ಗೋಜೂ ಇಲ್ಲ, ಬಾಲಮಂಗಳದ ಡಿಂಗ ಯಾರು ಅಂತ ವಿವರಿಸುವ ಕೆಲಸವೂ ತಪ್ಪುತ್ತದೆ.

ಸಮ್ಮೇಳನದಲ್ಲಿ ಕ್ರಮ ಹೀಗೆ. ಮುಂಗಡ ಲಿಸ್ಟ್ ಇದೆಯೇ ಅಂತ ಕೆಲವು ವಾರ ಮುಂಚೆಯೇ ಮೇಲ್ ಮಾಡಿ. ಇಲ್ಲದಿದ್ದರೆ ಮೊದಲ ದಿನ ಬಾಗಿಲು ತೆಗೆದ ಕೂಡಲೇ ಸೀದಾ ಆ ಮೇಜಿಗೆ ಹೋಗಿ, ಪುಸ್ತಕದಂಗಡಿ ಆಮೇಲೆ ನೋಡಬಹುದು. ಪಾತ್ರದ ಚಿತ್ರವನ್ನು ಕಾಗದದಲ್ಲಿ ಪ್ರಿಂಟ್ ಹಾಕಿಸಿ ಒಯ್ಯಿರಿ. ಸಾವಿರಾರು ಜನರ ನಡುವೆ ಮೊಬೈಲ್ ನೆಟ್‌ವರ್ಕ್ ಸಿಗುವುದಿಲ್ಲ. ಸಿಕ್ಕರೂ ನಿಮ್ಮ ಫೋನನ್ನು ಅವರ ಕೈಗೆ ಕೊಟ್ಟು ಕೂರುತ್ತೀರಾ? ನಗದು ಇಟ್ಟುಕೊಳ್ಳಿ. ಹೆಸರು, ಫೋನ್ ನಂಬರ್, ಪಾತ್ರ, ಕೊಟ್ಟ ದುಡ್ಡು, ತೆಗೆದುಕೊಳ್ಳುವ ಹೊತ್ತು ಇಷ್ಟನ್ನೂ ಚೀಟಿಯಲ್ಲಿ ಬರೆದು ಪ್ರಿಂಟಿಗೆ ಕ್ಲಿಪ್ ಹಾಕಿ. ಕೊನೆಯ ದಿನದ ಮಧ್ಯಾಹ್ನದೊಳಗೆ ಹೋಗಿ ತೆಗೆದುಕೊಳ್ಳಿ, ಸಂಜೆಗೆ ಕೆಲವರು ವಿಮಾನ ಹತ್ತಿರುತ್ತಾರೆ. ‘ಮನೆಗೆ ಹೋಗಿ ಮುಗಿಸಿ ಕಳಿಸುತ್ತೇನೆ’ ಎಂದರೆ ಅಲ್ಲಿಗೆ ಅದು ಮನೆಯಿಂದ ಬರೆಸುವ ಲೆಕ್ಕವಾಯಿತು. ಹೆಜ್ಜೆ 4ರ ಪತ್ರ ಅವತ್ತು ರಾತ್ರಿಯೇ ಕಳಿಸಿ.

ಮುಖಪುಟ ಖಾಲಿ ಬಿಟ್ಟ ‘ಬ್ಲ್ಯಾಂಕ್ ಕವರ್’ ಪುಸ್ತಕಗಳ ಮೇಲೆ ಬರೆಸುವ ರೂಢಿಯೂ ಇದೆ. ಅಗ್ಗ, ಚಿಕ್ಕದು, ಒಯ್ಯಲು ಸುಲಭ. ಆದರೆ ನೀರು ಬಣ್ಣ ಹಾಕಿದರೆ ಕಾಗದ ಅಲೆಅಲೆಯಾಗಿ ಏಳುತ್ತದೆ. ಕಾಮಿಕ್ಸ್ ಪುಸ್ತಕಗಳ ಸ್ಥಿತಿ ನೋಡಿ ಅಂಕ ಕೊಡುವ ಸಿಜಿಸಿ ಕಂಪನಿಯ ಹಳದಿ ಲೇಬಲ್ಲಿನ ಸಹಿ ಪ್ರಮಾಣ ಬೇಕಿದ್ದರೆ ಕಲಾವಿದರು ಸಹಿ ಹಾಕುವಾಗ ಆ ಕಂಪನಿಯ ಸಾಕ್ಷಿ ಇರಬೇಕು. ಆಮೇಲೆ ಕಳಿಸಿದರೆ ಆ ಲೇಬಲ್ ಸಿಗುವುದಿಲ್ಲ.

ಮನೆಯಿಂದ ಬರೆಸುವುದು ನಿಧಾನ, ದುಬಾರಿ, ಆದರೆ ಚಿತ್ರ ಚೆನ್ನಾಗಿರುತ್ತದೆ. ಅವರು ತಮ್ಮ ಮೇಜಿನಲ್ಲಿ, ತಮ್ಮ ಬೆಳಕಿನಲ್ಲಿ ಕೂತು ಬರೆಯುತ್ತಾರೆ. ಹೆಸರಾಂತ ಕೆಲವರ ವ್ಯವಹಾರವನ್ನು ಏಜೆಂಟರು ನೋಡಿಕೊಳ್ಳುತ್ತಾರೆ, ‘ಆರ್ಟ್ ರೆಪ್’ ಅಂತ. ಅವರ ಪಾಲೂ ಸೇರಿ ಬೆಲೆ ಏರುತ್ತದೆ. ಆದರೂ ಮೊದಲ ಸಲದವರಿಗೆ ನಾನು ರೆಪ್ ಇರುವವರನ್ನೇ ಸೂಚಿಸುತ್ತೇನೆ. ಮೇಲಿಗೆ ಉತ್ತರ ಬರುತ್ತದೆ, ಪ್ಯಾಕಿಂಗ್ ಗೊತ್ತಿರುತ್ತದೆ.

## ಹೆಜ್ಜೆ 4: ಪತ್ರ

ಇಡೀ ಕೆಲಸದಲ್ಲಿ ಇದೇ ಮುಖ್ಯ. ಇದಕ್ಕೆ ಒಂದು ಸಂಜೆ ಕೊಡಿ.

ಚಾಟ್‌ನಲ್ಲಿ ತುಂಡುತುಂಡಾಗಿ ಮಾತಾಡಿದ್ದನ್ನು ನಂಬಬೇಡಿ. ಎಲ್ಲವನ್ನೂ ಒಂದೇ ಮೇಲಿನಲ್ಲಿ ಕೂಡಿಸಿ. ಉದ್ದ ಬೇಡ, ಅವರು ಮೇಜಿನ ಎದುರು ಅಂಟಿಸಿಕೊಳ್ಳುವಷ್ಟಿರಲಿ. ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ಅದರ ಹುರುಳು ಹೀಗಿರಲಿ:

> ನಮಸ್ಕಾರ. ನಿಮ್ಮಿಂದ ಒಂದು ಚಿತ್ರ ಬರೆಸುವ ಆಸೆ.
> ಪಾತ್ರ: ಬ್ಯಾಟ್‌ಮ್ಯಾನ್ ಒಬ್ಬನೇ, ಪೂರ್ತಿ ಆಳು.
> ದೃಶ್ಯ: ಕಲ್ಲಿನ ಚಕ್ರಕ್ಕೆ ಒರಗಿ ಕೂತಿದ್ದಾನೆ, ದಣಿದಿದ್ದಾನೆ. ಚಕ್ರದ ಎರಡು ಫೋಟೋ, ಉಡುಪಿನ ಎರಡು ಫೋಟೋ ಜೊತೆಗಿವೆ. ಭಂಗಿ ನಿಮ್ಮಿಷ್ಟ.
> ಸಾಮಗ್ರಿ: ಪೆನ್ಸಿಲ್ ಮೇಲೆ ಇಂಕು, ಕಪ್ಪು ಬಿಳುಪು, 11 x 17 ಬೋರ್ಡು, ಉದ್ದುದ್ದ.
> ಸಹಿ: ಮುಂಭಾಗದಲ್ಲಿ. ನನ್ನ ಹೆಸರು ಬರೆಯುವುದು ಬೇಡ.
> ಬೆಲೆ: ನೀವು ಹೇಳಿದಷ್ಟು. ಸಾಗಣೆ ಬೇರೆ.
> ಅರ್ಧ ಈಗ, ಅರ್ಧ ಮುಗಿದ ಚಿತ್ರದ ಫೋಟೋ ನೋಡಿದ ಮೇಲೆ. ಆಗಬಹುದೇ?
> ಇಂಕು ಹಾಕುವ ಮುಂಚೆ ಒಂದು ಕರಡು ನೋಡಲು ಸಿಗುತ್ತದೆಯೇ?
> ಅಂದಾಜು ಯಾವ ತಿಂಗಳಿಗೆ ಮುಗಿಯಬಹುದು?
> ಎರಡು ದಪ್ಪ ರಟ್ಟಿನ ನಡುವೆ ಚಪ್ಪಟೆಯಾಗಿ ಕಳಿಸಿ, ಕೊಳವೆ ಬೇಡ.

ಒಂದೊಂದು ಸಾಲಿಗೂ ಕಾರಣವಿದೆ. ‘ಉಡುಪಿನ ಫೋಟೋ’ ಯಾಕೆ ಅಂದರೆ 1939ರಿಂದ ಬ್ಯಾಟ್‌ಮ್ಯಾನ್ ಎಷ್ಟು ಅಂಗಿ ಬದಲಿಸಿದ್ದಾನೆ ಅಂತ ಲೆಕ್ಕವಿಲ್ಲ. ನಿಮ್ಮ ತಲೆಯಲ್ಲಿರುವುದು ಅವರ ತಲೆಯಲ್ಲಿ ಇಲ್ಲ. ಫೋಟೋ ಮೂರರಿಂದ ಐದು ಸಾಕು. ಮೂವತ್ತು ಕಳಿಸಿದರೆ ಒಂದನ್ನೂ ನೋಡುವುದಿಲ್ಲ. ‘ದಣಿದಿದ್ದಾನೆ’ ಎಂಬ ಒಂದು ಪದ ಕಲಾವಿದರಿಗೆ ಮಾಡುವ ಉಪಕಾರವನ್ನು ‘ಬಲಗೈ ಮೊಣಕಾಲಿನ ಮೇಲೆ 45 ಡಿಗ್ರಿ’ ಎಂಬುದು ಮಾಡುವುದಿಲ್ಲ. ಭಾವ ನೀವು ಹೇಳಿ, ಕೈಕಾಲು ಅವರಿಗೆ ಬಿಡಿ.

ಹೆಸರು ಬರೆಸುವುದರ ಬಗ್ಗೆ ಒಂದು ಮಾತು. ‘ಇಂಥವರಿಗೆ ಪ್ರೀತಿಯಿಂದ’ ಅಂತ ಬರೆಸಿಕೊಂಡರೆ ಮನಸ್ಸಿಗೆ ಖುಷಿ, ಮಾರುವಾಗ ಬೆಲೆ ಕಡಿಮೆ. ಅದಕ್ಕೇ ಕೆಲವರು ಹೆಸರು ಬೇಡ ಅಂದರೆ ಮಾರಲಿಕ್ಕೇ ಬರೆಸುತ್ತಿದ್ದಾರೆ ಅಂದುಕೊಂಡು ರೇಟು ಏರಿಸುತ್ತಾರೆ. ನಿಜವಾಗಿ ಇಟ್ಟುಕೊಳ್ಳುವವರು ಹೆಸರು ಬರೆಸಿಬಿಡಿ. ನನ್ನ ಹತ್ತಿರ ಇರುವುದರಲ್ಲಿ ಹೆಚ್ಚಿನವಕ್ಕೆ ನನ್ನ ಹೆಸರಿದೆ, ಒಂದರಲ್ಲಿ ಕಾಗುಣಿತ ತಪ್ಪಿದೆ. ಹೆಸರನ್ನು ದೊಡ್ಡ ಅಕ್ಷರದಲ್ಲಿ ಬಿಡಿಬಿಡಿಯಾಗಿ ಬರೆದು ಕಳಿಸಿ.

ಹಕ್ಕಿನ ವಿಷಯ: ದುಡ್ಡು ಕೊಟ್ಟು ತಂದದ್ದು ಆ ಕಾಗದ. ಅಮೆರಿಕದ ಕಾನೂನಿನಲ್ಲಿ ವಸ್ತುವಿನ ಒಡೆತನ ಬೇರೆ, ಕಾಪಿರೈಟ್ ಬೇರೆ. ಪಾತ್ರವಂತೂ ಕಂಪನಿಯದು. ಗೋಡೆಗೆ ಹಾಕಿ, ಸ್ನೇಹಿತರಿಗೆ ತೋರಿಸಿ. ಟೀ ಶರ್ಟ್ ಮೇಲೆ ಅಚ್ಚು ಹಾಕಿಸಿ ಮಾರಲು ಹೋಗಬೇಡಿ.

## ಹೆಜ್ಜೆ 5: ದುಡ್ಡು

ಪತ್ರಕ್ಕೆ ‘ಸರಿ’ ಎಂಬ ಉತ್ತರ ಬಂದ ಮೇಲೆಯೇ.

ಪೇಪಾಲ್‌ನಲ್ಲಿ ಎರಡು ದಾರಿ. ಸರಕು ಮತ್ತು ಸೇವೆಗೆ ಕೊಡುವುದು ಒಂದು, ಗೆಳೆಯರಿಗೆ ಬಂಧುಗಳಿಗೆ ಕಳಿಸುವುದು ಇನ್ನೊಂದು. ಎರಡನೆಯದಕ್ಕೆ ಕೊಳ್ಳುವವರ ರಕ್ಷಣೆ ಇಲ್ಲ. ಶುಲ್ಕ ಉಳಿಸಲು ‘ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ’ಯಲ್ಲಿ ಕಳಿಸಿ ಅಂತ ಕೇಳುವವರು ಎಲ್ಲರೂ ಕಳ್ಳರಲ್ಲ, ಶುಲ್ಕ ನಿಜವಾಗಿಯೂ ಅವರ ಕೈಯಿಂದ ಹೋಗುತ್ತದೆ. ‘ಆ ಶುಲ್ಕ ನಾನೇ ಕೊಡುತ್ತೇನೆ, ಸರಕಿನ ದಾರಿಯಲ್ಲೇ ಕಳಿಸುತ್ತೇನೆ’ ಎನ್ನಿ. ಅದಕ್ಕೂ ಒಪ್ಪದಿದ್ದರೆ ಕೈಬಿಡಿ. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ನಿಮ್ಮ ಪರವಾಗಿ ಕಳಿಸುವುದಾದರೆ ಅವರಿಗೂ ಇದನ್ನು ಹೇಳಿ.

ಈಗ ನನ್ನ ಪೆದ್ದುತನ. ನನ್ನ ಮೊದಲ ಚಿತ್ರಕ್ಕೆ ಸರಿಯಾದ ದಾರಿಯಲ್ಲೇ ಪೂರ್ತಿ ದುಡ್ಡು ಕಳಿಸಿದ್ದೆ. ‘ಮುಂದಿನ ತಿಂಗಳು’, ‘ಇನ್ನೆರಡು ವಾರ’, ‘ಅಮ್ಮನಿಗೆ ಹುಷಾರಿಲ್ಲ’. ಒಳ್ಳೆಯ ಮಾತಿನ ಮನುಷ್ಯ, ನಾನೂ ಸುಮ್ನೆ ಕಾದೆ. ಏಳನೇ ತಿಂಗಳು ದೂರು ಕೊಡಲು ಹೋದರೆ ಪೇಪಾಲ್ ಬಾಗಿಲು ಮುಚ್ಚಿತ್ತು. ದುಡ್ಡು ಕಳಿಸಿದ ದಿನದಿಂದ 180 ದಿನದೊಳಗೆ ದೂರು ದಾಖಲಾಗಬೇಕು. ಹೇಳಿ ಬರೆಸುವ ಚಿತ್ರಕ್ಕೆ ಆರು ತಿಂಗಳು ಹಿಡಿಯುವುದು ದೊಡ್ಡ ಮಾತೇನಲ್ಲ. ಅಂದರೆ ಒಳ್ಳೆಯ ಕಲಾವಿದರ ಮಾಮೂಲಿ ಗಡುವೇ ನಿಮ್ಮ ರಕ್ಷಣೆಯನ್ನು ತಿಂದುಹಾಕುತ್ತದೆ. ಆ ಚಿತ್ರ ಇವತ್ತಿಗೂ ಬಂದಿಲ್ಲ.

ಅದಕ್ಕೇ ಅರ್ಧ ಮೊದಲು, ಅರ್ಧ ಆಮೇಲೆ. ಎರಡನೇ ಕಂತಿಗೆ 180 ದಿನ ಹೊಸದಾಗಿ ಶುರುವಾಗುತ್ತದೆ. ಚಿತ್ರ ಮುಗಿಸಲು ಅವರಿಗೂ ಒಂದು ಕಾರಣ ಉಳಿಯುತ್ತದೆ. ಇನ್ನೂ ಒಳ್ಳೆಯದು, ಸರದಿ ಬಂದಾಗ ಮಾತ್ರ ದುಡ್ಡು ಕೇಳುವ ಕಲಾವಿದರು. ಅಂಥವರೂ ಇದ್ದಾರೆ.

ದುಡ್ಡು ಕಳಿಸಿದ ದಿನವೇ ಮೊಬೈಲ್ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕಿ: 120ನೇ ದಿನ, 165ನೇ ದಿನ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಎಷ್ಟು ಅಂತ ಬ್ಯಾಂಕಿನ ಆ್ಯಪಿನಲ್ಲಿ ನೋಡಿ ಬಜೆಟ್ಟಿಗೆ ಸೇರಿಸಿಕೊಳ್ಳಿ. ನೂರಕ್ಕೆ ಮೂರರ ಆಸುಪಾಸು ಇರುವುದು ಮಾಮೂಲಿ.

## ಹೆಜ್ಜೆ 6: ಕರಡು, ಮತ್ತು ಕಾಯುವುದು

ಕರಡು ಬಂದಾಗ ಅದು ಕೋಳಿ ಕೆದರಿದ ಹಾಗಿರುತ್ತದೆ. ಗಾಬರಿ ಬೇಡ. ನೋಡಬೇಕಾದ್ದು ನಾಲ್ಕೇ. ಪಾತ್ರ ಸರಿಯಾದದ್ದೇ, ಉಡುಪು ಕೇಳಿದ್ದೇ, ತಲೆಯೋ ಕಾಲೋ ಅಂಚಿಗೆ ಕತ್ತರಿಸಿ ಹೋಗಿದೆಯೇ, ಕಾಗದ ಉದ್ದುದ್ದವೋ ಅಡ್ಡಡ್ಡವೋ. ಬದಲಾವಣೆ ಬೇಕಿದ್ದರೆ ಈಗಲೇ, ಎಲ್ಲವನ್ನೂ ಒಂದೇ ಮೇಲಿನಲ್ಲಿ ಹೇಳಿ. ಇಂಕು ಬಿದ್ದ ಮೇಲೆ ‘ಮೂಗು ಸ್ವಲ್ಪ ಚಿಕ್ಕದು ಮಾಡಿ’ ಅನ್ನುವುದು ಹೊಲಿದ ಮೇಲೆ ದರ್ಜಿಗೆ ಬಟ್ಟೆ ಬದಲಿಸಿ ಅಂದ ಹಾಗೆ. ಕೆಲವರು ಕರಡು ತೋರಿಸುವುದಿಲ್ಲ. ಸಮ್ಮೇಳನದಲ್ಲಂತೂ ಆ ಪ್ರಶ್ನೆಯೇ ಇಲ್ಲ.

ಆಮೇಲೆ ಸುಮ್ಮನಿರಿ. ವಾರವಾರ ಮೆಸೇಜ್ ಮಾಡಿದರೆ ನಿಮ್ಮ ಚಿತ್ರ ಬೇಗ ಬರುವುದಿಲ್ಲ, ಅವರಿಗೆ ನಿಮ್ಮ ಹೆಸರು ಕಂಡರೆ ತಲೆನೋವು ಬರುತ್ತದೆ. ಹೇಳಿದ ತಿಂಗಳು ದಾಟಿದ ಮೇಲೆ ಒಂದು ವಿಚಾರಣೆ, ಆಮೇಲೆ ತಿಂಗಳಿಗೆ ಒಂದು.

120ನೇ ದಿನಕ್ಕೂ ಕರಡು ಬಂದಿಲ್ಲವೇ? ಆಗ ಮೃದುವಾಗಿ ಆದರೆ ತಾರೀಖು ಹಾಕಿ ಬರೆಯಿರಿ: ‘ಇಂಥ ದಿನದೊಳಗೆ ಶುರುಮಾಡಿದ ಫೋಟೋ ಕಳಿಸಿ, ಆಗದಿದ್ದರೆ ದುಡ್ಡು ವಾಪಸ್ ಕೊಡಿ, ಬೇಜಾರಿಲ್ಲ.’ ಪ್ರಾಮಾಣಿಕರಾದರೆ ಎರಡರಲ್ಲಿ ಒಂದು ಮಾಡುತ್ತಾರೆ. 165ನೇ ದಿನಕ್ಕೂ ಬರೀ ಮಾತೇ ಆದರೆ ಪೇಪಾಲ್‌ನಲ್ಲಿ ದೂರು ದಾಖಲಿಸಿ. ‘ಅವರಿಗೆ ಬೇಜಾರಾಗುತ್ತೇನೋ’ ಎಂಬ ನಮ್ಮ ಸಂಕೋಚ ಇದೆಯಲ್ಲ, ಅದನ್ನು ನೆಚ್ಚಿಕೊಂಡೇ ಕೆಲವರು ಬದುಕುತ್ತಾರೆ.

ಚಿತ್ರ ಮುಗಿದಿದೆ ಅಂದಾಗ ಇಡೀ ಬೋರ್ಡು, ನಾಲ್ಕು ಮೂಲೆ, ಹಿಂಬದಿ ಕಾಣುವ ಫೋಟೋ ಕೇಳಿ. ಸಹಿ ಇದೆಯೇ ನೋಡಿ. ಮರೆಯುವವರು ಇದ್ದಾರೆ.

## ಹೆಜ್ಜೆ 7: ಪ್ಯಾಕಿಂಗ್, ಕಸ್ಟಮ್ಸ್

ಕೊಳವೆಯಲ್ಲಿ ಸುತ್ತಿ ಕಳಿಸುವುದು ಪೋಸ್ಟರಿಗೆ ಸರಿ. ದಪ್ಪ ಬ್ರಿಸ್ಟಲ್ ಬೋರ್ಡು ಸುತ್ತಿದರೆ ಗೆರೆ ಬೀಳುತ್ತದೆ, ದಪ್ಪ ಇಂಕೂ ಬಿಳಿ ಬಣ್ಣವೂ ಬಿರಿಯುತ್ತವೆ. ಚಪ್ಪಟೆಯಾಗಿಯೇ ಬರಬೇಕು. ಮೊದಲು ಪ್ಲಾಸ್ಟಿಕ್ ಕವರು, ಮಳೆಗೆ. ಆಮೇಲೆ ಚಿತ್ರಕ್ಕಿಂತ ಎರಡು ಇಂಚು ದೊಡ್ಡದಾದ ಎರಡು ರಟ್ಟು. ಒಂದರ ಒಳಗಿನ ಸುಕ್ಕು ಉದ್ದಕ್ಕೆ, ಇನ್ನೊಂದರದು ಅಡ್ಡಕ್ಕೆ ಇದ್ದರೆ ಯಾವ ಕಡೆಯೂ ಮಡಚುವುದಿಲ್ಲ. ಚಿತ್ರ ಒಳಗೆ ಜಾರದ ಹಾಗೆ ಕವರಿನ ಮೂಲೆಗಳನ್ನು ರಟ್ಟಿಗೆ ಟೇಪ್ ಮಾಡಬೇಕು. ಟೇಪು ಕವರಿಗೆ, ಚಿತ್ರಕ್ಕಲ್ಲ.

‘ಗಿಫ್ಟ್ ಅಂತ ಬರೆದುಬಿಡಿ, ಸುಂಕ ತಪ್ಪುತ್ತೆ’ ಎನ್ನುವ ಸಲಹೆ ಕೇಳಬೇಡಿ. ಅಂಚೆ, ಕೊರಿಯರಿನಲ್ಲಿ ಬರುವ ಗಿಫ್ಟಿಗೆ ಇದ್ದ ಸುಂಕ ವಿನಾಯಿತಿಯನ್ನು ಭಾರತ 2019ರ ಡಿಸೆಂಬರಿನಲ್ಲಿ ತೆಗೆದುಹಾಕಿದೆ, ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು. ಸುಳ್ಳು ಬೆಲೆ ಬರೆಸಿದರೆ ಕಳೆದುಹೋದಾಗ ವಿಮೆಯೂ ಅಷ್ಟಕ್ಕೇ. ‘ಕೈಯಿಂದ ಬರೆದ ಮೂಲ ಚಿತ್ರ’ ಅಂತ, ನಿಜವಾದ ಬೆಲೆ ಹಾಕಿ, 9701 ಎಂಬ ಶೀರ್ಷಿಕೆ ಸಂಖ್ಯೆ ಬರೆಸಿ. ಪೂರ್ತಿ ಕೈಯಲ್ಲೇ ಬರೆದ ಚಿತ್ರಗಳಿಗೆ ಇರುವ ಸುಂಕದ ಸಂಖ್ಯೆ ಅದು. ಬರೀ ‘ಕಾಮಿಕ್ಸ್’ ಅಂತ ಬರೆದರೆ ಅಚ್ಚಾದ ಪುಸ್ತಕ ಅಂದುಕೊಂಡು ಗೊಂದಲವಾಗುತ್ತದೆ. ಕೊರಿಯರಿನವರು ಗುರುತಿನ ದಾಖಲೆ ಕೇಳಿದಾಗ ತಡಮಾಡಬೇಡಿ. ಪೇಪಾಲ್ ರಸೀದಿ, ಹೆಜ್ಜೆ 4ರ ಪತ್ರ ಎರಡನ್ನೂ ಪಿಡಿಎಫ್ ಮಾಡಿ ಇಟ್ಟುಕೊಂಡಿರಿ. ದರ ಆಗಾಗ ಬದಲಾಗುತ್ತದೆ, ಆ ವಾರದ ದರ ಕೇಳಿಕೊಂಡೇ ಬಜೆಟ್ ಹಾಕಿ.

ಅಮೆರಿಕದಿಂದ ಯಾರಾದರೂ ಬರುವವರಿದ್ದರೆ ಅವರ ಮನೆಗೆ ತರಿಸಿ. 11 x 17 ಬೋರ್ಡು ಕ್ಯಾಬಿನ್ ಸೂಟ್‌ಕೇಸಿನ ತಳದಲ್ಲಿ ಚಪ್ಪಟೆಯಾಗಿ ಕೂರುತ್ತದೆ. ನ್ಯೂಜೆರ್ಸಿಯ ನನ್ನ ಚಿಕ್ಕಪ್ಪನ ಮಗ ಹೀಗೆ ಮೂರು ಚಿತ್ರ ತಂದುಕೊಟ್ಟಿದ್ದಾನೆ. ನಾಲ್ಕನೆಯದನ್ನು ಉಪ್ಪಿನಕಾಯಿ ಬಾಟಲಿ ಇದ್ದ ಚೀಲದಲ್ಲಿ ಇಡಲು ಹೊರಟಾಗ ಚಿಕ್ಕಮ್ಮ ತಡೆದರು, ಪುಣ್ಯ. ರಸೀದಿ ಅವರ ಕೈಯಲ್ಲಿರಲಿ, ಕೇಳಿದರೆ ತೋರಿಸಲಿ.

## ಹೆಜ್ಜೆ 8: ಬಂದ ದಿನ

ಬಿಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಚಾಕುವನ್ನು ರಟ್ಟಿನ ಅಂಚಿನಲ್ಲಿ ಆಡಿಸಿ, ನಡುವೆ ಬೇಡ. ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಕಾಫಿ ಲೋಟ ಬೇರೆ ಕೋಣೆಯಲ್ಲಿರಲಿ.

ಫೋಟೋದಲ್ಲಿದ್ದ ಚಿತ್ರವೇ ಬಂದಿದೆಯೇ ಅಂತ ಹೋಲಿಸಿ. ಅದು ಮೂಲವೇ ಎಂದು ತಿಳಿಯಲು ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಇಂಕಿನ ಕೆಳಗೆ ಅಲ್ಲಲ್ಲಿ ಪೆನ್ಸಿಲ್ ಗೀರು, ರಬ್ಬರ್ ಉಜ್ಜಿದ ಗುರುತು, ಕಪ್ಪು ತುಂಬಿದ ಕಡೆ ಕುಂಚದ ಹೊಳಪಿನ ಏರಿಳಿತ ಕಾಣಬೇಕು. ಎಲ್ಲ ಕಡೆ ಒಂದೇ ಸಮ ಕಪ್ಪಿದ್ದು, ಭೂತಗನ್ನಡಿಯಲ್ಲಿ ಸಣ್ಣ ಚುಕ್ಕೆಗಳು ಕಂಡರೆ ಅದು ಪ್ರಿಂಟು.

ಸ್ಕ್ಯಾನ್ ಮಾಡಿಸಿ. ಜೆರಾಕ್ಸ್ ಅಂಗಡಿಯಲ್ಲಾದರೆ ಗಾಜಿನ ಮೇಲೆ ಇಡುವ ಸ್ಕ್ಯಾನರ್ ಮಾತ್ರ, ನೀವೇ ನಿಂತು ಇಡಿಸಿ. ಕಾಗದವನ್ನು ಎಳೆದುಕೊಳ್ಳುವ ಯಂತ್ರಕ್ಕೆ ಕೊಟ್ಟರೆ ಬೋರ್ಡು ಬಾಗಿ ಹೊರಬರುತ್ತದೆ. ಗಾಜಿಗೆ 17 ಇಂಚು ಹಿಡಿಸದಿದ್ದರೆ ಎರಡು ಸಲ ಮಾಡಿ ಜೋಡಿಸಬೇಕು.

ಕಲಾವಿದರಿಗೆ ತಲುಪಿತು ಅಂತ ಮೇಲ್ ಮಾಡಿ. ಮುಂದಿನ ಲಿಸ್ಟ್ ತೆರೆದಾಗ ಈ ಒಂದು ಮೇಲ್ ಕೆಲಸಕ್ಕೆ ಬರುತ್ತದೆ.

## ಹೆಜ್ಜೆ 9: ಇಡುವುದು

ಲ್ಯಾಮಿನೇಟ್ ಮಾಡಿಸಬೇಡಿ. ‘ಧೂಳು ಕೂರಬಾರದು’ ಅಂತ ಒಬ್ಬರು ಮಾಡಿಸಿದ್ದನ್ನು ನೋಡಿದ್ದೇನೆ. ಬಿಸಿಗೆ ಮಾರ್ಕರ್ ಬಣ್ಣ ಹರಡಿತ್ತು. ಲ್ಯಾಮಿನೇಶನ್ ಬಿಡಿಸಲು ದಾರಿಯಿಲ್ಲ.

ಕವರಿನ ಪ್ಲಾಸ್ಟಿಕ್ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಆಗಿರಲಿ. ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಕವರು ಕೆಲವು ವರ್ಷದಲ್ಲಿ ಇಂಕಿಗೆ ಅಂಟಿಕೊಳ್ಳುತ್ತದೆ. ಪೆನ್ಸಿಲ್ ಚಿತ್ರ ಉಜ್ಜಿದರೆ ಮಸುಕಾಗುತ್ತದೆ, ಅದರ ಮೇಲೆ ಆ್ಯಸಿಡ್ ಇಲ್ಲದ ತೆಳು ಹಾಳೆ ಒಂದು ಇಡಿ.

ಫ್ರೇಮ್ ಹಾಕಿಸುವಾಗ ಅಂಗಡಿಯವರ ಮೇಲೆ ಬಿಟ್ಟು ಬರಬೇಡಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹಿಂದೆ ಗೋಂದು ಬಳಿದು ಹಲಗೆಗೆ ಅಂಟಿಸುತ್ತಾರೆ. ಅಂಟು ಬೇಡ, ಮೂಲೆಗೆ ಕಾಗದದ ಜೇಬು ಮಾಡಿ ಸಿಕ್ಕಿಸಿ ಅನ್ನಿ. ಗಾಜು ಚಿತ್ರಕ್ಕೆ ತಾಗದ ಹಾಗೆ ಸುತ್ತ ಮೌಂಟ್ ಹಾಕಿಸಿ. ಕಿಟಕಿಯ ಎದುರು ಗೋಡೆ ಬೇಡ. ಮ್ಯೂಸಿಯಂಗಳು ಇಂಥ ಕಾಗದಕ್ಕೆ 50 ಲಕ್ಸ್ ಬೆಳಕು ಸಾಕು ಎನ್ನುತ್ತವೆ, ಅಂದರೆ ನಮ್ಮ ನಡುಮನೆಯ ಸಂಜೆಯ ಮಂದ ಬೆಳಕಿನಷ್ಟು.

ಕರಾವಳಿ, ಮಲೆನಾಡಿನವರಿಗೆ ಬೆಳಕಿಗಿಂತ ದೊಡ್ಡ ಶತ್ರು ತೇವ. ಹೊರಗೋಡೆಗೆ ತಾಗಿದ ಬೀರು, ನೆಲಕ್ಕೆ ತಾಗಿದ ಕಪಾಟು ಎರಡೂ ಬೇಡ. ಫೋಲ್ಡರಿನ ಜೊತೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆದರೆ ಚಿತ್ರಕ್ಕೆ ತಾಗಿಸಿ ಅಲ್ಲ. ಜುಲೈಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ತೆಗೆದು ನೋಡಿ. ಕಂದು ಚುಕ್ಕೆ, ಬೂಷ್ಟಿನ ವಾಸನೆ, ಅಂಚಿನಲ್ಲಿ ಕೆರೆದ ಹಾಗೆ ತಿಂದ ಗುರುತು ಕಂಡರೆ ಆ ಚಿತ್ರವನ್ನು ಉಳಿದವುಗಳಿಂದ ಮೊದಲು ಬೇರೆ ಮಾಡಿ. ಬಿಸಿಲಿಗೆ ಒಣಹಾಕಬೇಡಿ. ಫ್ಯಾನಿನ ಗಾಳಿಯಿರುವ ಒಣ ಕೋಣೆಯಲ್ಲಿ ಇಡಿ. ಬೂಷ್ಟನ್ನು ಒದ್ದೆ ಬಟ್ಟೆಯಿಂದ ಒರೆಸಲೂ ಹೋಗಬೇಡಿ.

ಕೊನೆಗೆ ಒಂದು ಪಟ್ಟಿ. ಕಲಾವಿದರ ಹೆಸರು, ಪಾತ್ರ, ತಾರೀಖು, ಕೊಟ್ಟ ದುಡ್ಡು, ಸುಂಕ, ಪತ್ರದ ಪ್ರಿಂಟು. ನಾಳೆ ಮಾರುವಾಗ ಇದು ಅಸಲಿ ಎಂದು ತೋರಿಸಲು ಇರುವುದು ಈ ಕಾಗದಗಳೇ. ಪಟ್ಟಿಯ ಒಂದು ಪ್ರತಿ ಫೋಲ್ಡರಿನ ಒಳಗೆ, ಇನ್ನೊಂದು ಮನೆಯವರ ಕೈಯಲ್ಲಿ. ಫೋಲ್ಡರಿನ ಮೇಲೆ ಕನ್ನಡದಲ್ಲಿ ದಪ್ಪಗೆ ‘ತೂಕಕ್ಕೆ ಹಾಕಬೇಡಿ’ ಅಂತ ಬರೆಯಿರಿ. ನಮ್ಮ ಮನೆಯಲ್ಲಿ ಅದನ್ನು ಬರೆದದ್ದು ನಾನಲ್ಲ, ಹಳೇ ಪೇಪರಿನವನು ಫೋಲ್ಡರನ್ನು ತಕ್ಕಡಿಗೆ ಇಟ್ಟಿದ್ದನ್ನು ಕಂಡು ಓಡಿಬಂದ ನನ್ನ ಹೆಂಡತಿ.